ಆಯಿ ಹಿಡಿದಿದ್ದ ಹಗ್ಗ

ಇವತ್ತು ಹೊನ್ನಾವರದ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪನ ರೇಡಿಯೋ ಟವರು ಬಿಚ್ಚಲು ಜನ ಬಂದಿದ್ದರು. ಬುಡಕ್ಕೆ ತುಕ್ಕು ಹಿಡಿದು ಅದು ವಾಲತೊಡಗಿತ್ತು. ಮೊದಲ ಬೋಲ್ಟು ಸಡಿಲವಾಗುತ್ತಲೇ ಹಳೆಯ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು.

ಅಪ್ಪನಿಗೆ ಮನೆಯಿಂದಲೇ ದೂರದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚು. ದೊಡ್ಡ ಆಂಟೆನಾದ ಆಸೆಯಿದ್ದರೂ, ಕಡಲ ಗಾಳಿಗೆ ನಿಲ್ಲುವುದಿಲ್ಲವೆಂದು ಮೂರೇ ಅಡ್ಡಕಡ್ಡಿಗಳ ಚಿಕ್ಕದನ್ನು ಆರಿಸಿದರು. ಉಪ್ಪುಗಾಳಿ ತಿನ್ನದಿರಲೆಂದು ಬೋಲ್ಟುಗಳಿಗೆಲ್ಲ ಗ್ರೀಸು ಮೆತ್ತಿದರು. ನಾನು ಚಿಕ್ಕವಳಿದ್ದಾಗ, ಮಳೆಗಾಲ ಶುರುವಾಗುವ ಮುಂಚೆ, ಅವರು ಮೇಲೆ ಹತ್ತಿ ಅದನ್ನು ಕೂರಿಸುವಾಗ ಕೆಳಗೆ ಹಗ್ಗ ಹಿಡಿದು ನಿಂತವಳು ನನ್ನ ತಾಯಿ, ನಮ್ಮ ಆಯಿ.

“ಬಿಗಿ ಹಿಡ್ಕ, ಬಿಡಬೇಡ!” ಎಂದು ಅಪ್ಪ ಕೂಗಿದರು.

“ಹಗ್ಗ ನಾ ಹಿಡ್ಕಂಡಿದ್ದೇನೆ. ನೀವು ಇಳೀರಿ ಮೊದ್ಲು,” ಎಂದು ಆಯಿ ಗದರಿದಳು.

ಆ ಮಳೆಗಾಲ ಮುಗಿಯುವ ಮೊದಲೇ ಅಪ್ಪ ಜ್ವರದಲ್ಲಿ ತೀರಿಕೊಂಡರು. ಉತ್ತರಕ್ರಿಯೆಯ ದಿನ ಹಿತ್ತಲಲ್ಲಿ ಬಾಳೆಲೆಯ ಮೇಲೆ ಪಿಂಡ ಇಟ್ಟರೆ, ಕಾಗೆ ಆಂಟೆನಾ ಬಿಟ್ಟು ಇಳಿಯಲೇ ಇಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲವಂತೆ. ದೊಡ್ಡಪ್ಪ ನನ್ನತ್ತ ತೋರಿಸಿ, ಕೈಮುಗಿದು, “ಹುಡುಗಿ ಶಾಲೆ ನಾ ನೋಡ್ಕಂತೇನೆ, ತಮ್ಮಾ,” ಎಂದರು. ಸೋದರತ್ತೆ, “ನಿನ್ನ ಟವರು ಮಾರೂದಿಲ್ಲ ಮಾರಾಯಾ,” ಎಂದಳು. ಕಾಗೆ ಕದಲಲಿಲ್ಲ. ನನಗೆ ಅದಕ್ಕೊಂದು ಕಲ್ಲು ಬೀಸುವಷ್ಟು ಸಿಟ್ಟು.

ಕೊನೆಗೆ ಆಯಿ ಕತ್ತೆತ್ತಿ ಮೆಲ್ಲಗೆ ಹೇಳಿದಳು: “ಹಗ್ಗ ನಾ ಹಿಡ್ಕಂಡಿದ್ದೇನೆ. ನೀವು ಇಳೀರಿ.”

ಕಾಗೆ ಇಳಿಯಿತು.

ಇವತ್ತು ಕೆಲಸದವರು ಆಂಟೆನಾ ಇಳಿಸುವಾಗ ಆಯಿ ಹೊರಗೆ ಬಂದು, ಯಾರನ್ನೂ ಕೇಳದೆ, ಹಗ್ಗದ ತುದಿ ಹಿಡಿದು ನಿಂತಳು. ಆಂಟೆನಾ ನೆಲ ಮುಟ್ಟಿತು.

“ಆತು ಅಮ್ಮಾ, ಇನ್ನು ಬಿಡಿ,” ಎಂದ ಕೆಲಸದವನು.

ಆಯಿ ಬಿಡಲಿಲ್ಲ.