ಕುಂಕುಮದ ಭರಣಿಯಲ್ಲಿ ಬಂದ ಮೆಮೊರಿ ಕಾರ್ಡು

ಹೋದ ವರ್ಷದ ಹುಣಸೆ ಸುಗ್ಗಿ. ಹಿಂದೂಪುರದ ನಮ್ಮ ಬೀದಿಯಲ್ಲಿ ಆ ದಿನಗಳಲ್ಲಿ ಹಾಲಿನವನ ಕೂಗಿಗಿಂತ ಮೊದಲು ಕೇಳುವುದು ಪಕ್ಕದ ಮನೆಯ ಪದ್ದಕ್ಕ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುವ ಸದ್ದು. ಆ ಬೆಳಿಗ್ಗೆಯೂ ಟಕ್ ಟಕ್ ಎಂದು ಅದೇ ಕೇಳಿಸುತ್ತಿತ್ತು. ನಾನು ಬಾಗಿಲಿಗೆ ನೀರು ಹಾಕಿ, ನಲ್ಲಿಯಲ್ಲಿ ಬಂದಷ್ಟು ನೀರು ಹಿಡಿದು, ಯಜಮಾನರ ಫ್ಯಾಕ್ಟರಿ ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸಿದ್ದೆ. ದೋಸೆ ಹೆಂಚು ಇನ್ನೂ ಬಿಸಿಯಾಗಿತ್ತು. ನನಗೆಂದು ಒಂದು ದೋಸೆ ಹುಯ್ದು, ಅಂಚು ಕೆಂಪಾಗುವುದನ್ನೇ ನೋಡುತ್ತ ನಿಂತಿದ್ದೆ.

ನನ್ನದು ನೌಕರಿಯಲ್ಲ. ಆದರೂ ನಮ್ಮ ಬೀದಿಯ ಹೆಂಗಸರ ಫೋನುಗಳು ನನ್ನ ಕೈಗೆ ಬರಲು ಶುರುವಾಗಿ ಬಹಳ ವರ್ಷಗಳಾದವು. ಬಜಾರಿನಲ್ಲಿ ಮೊಬೈಲ್ ಅಂಗಡಿಗಳಿಗೇನೂ ಕೊರತೆಯಿಲ್ಲ. ಆದರೆ ಒಳಗಿರುವ ಫೋಟೋ, ಮಾತು, ಮನೆಯ ಸಂಗತಿಗಳನ್ನೆಲ್ಲ ಅಂಗಡಿಯ ಗಂಡಸರ ಕೈಗೆ ಹೇಗೆ ಕೊಡುವುದು? ನಾನು ಕಾನ್ವೆಂಟಿನಲ್ಲಿ ಓದಿದವಳು, ಫೋನು ಇಂಗ್ಲಿಷಿನಲ್ಲಿ ಏನು ಕೇಳುತ್ತಿದೆ ಎಂದು ಓದಿ ಹೇಳಬಲ್ಲೆ ಎಂಬ ನಂಬಿಕೆ. ಪ್ರಶ್ನೆ ಪೂರ್ತಿ ಓದದೆ ಉತ್ತರಕ್ಕೆ ಕೈ ಹಾಕಬೇಡ ಎಂದು ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಬಡಿದು ಕಲಿಸಿದ್ದು ಇಷ್ಟು ವರ್ಷಗಳ ಮೇಲೆ ಹೀಗೆ ಉಪಯೋಗಕ್ಕೆ ಬಂತು.

ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಒಂದೇ: ಸ್ಟೋರೇಜ್ ಫುಲ್. ಕಡಿಮೆ ಬೆಲೆಯ ಫೋನಿನಲ್ಲಿ ಜಾಗವೇ ಕಮ್ಮಿ, ಅದರಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಫೋನು ತನಗೇ ಇಟ್ಟುಕೊಂಡಿರುತ್ತದೆ. ಆಗ ಉಗುರಿನಷ್ಟಗಲದ ಮೆಮೊರಿ ಕಾರ್ಡು ಹಾಕುತ್ತೇವೆ. ಕೆಲವು ಫೋನುಗಳು ಹಾಕಿದ ಕೂಡಲೇ ಒಂದು ಪ್ರಶ್ನೆ ಕೇಳುತ್ತವೆ: ಈ ಕಾರ್ಡನ್ನು ಪೋರ್ಟಬಲ್ ಸ್ಟೋರೇಜ್ ಮಾಡಲೋ, ಇಂಟರ್ನಲ್ ಸ್ಟೋರೇಜ್ ಮಾಡಲೋ? ಪೋರ್ಟಬಲ್ ಅಂದರೆ ಪೆಟ್ಟಿಗೆ ಇದ್ದ ಹಾಗೆ, ಎತ್ತಿಕೊಂಡು ಇನ್ನೊಂದು ಮನೆಗೆ ಹೋಗಿ ತೆರೆಯಬಹುದು. ಇಂಟರ್ನಲ್ ಅಂದರೆ ಮನೆಗೆ ಕಟ್ಟಿಸಿದ ಅಟ್ಟ. ಜಾಗ ಹೆಚ್ಚುತ್ತದೆ ನಿಜ, ಆದರೆ ಅಟ್ಟವನ್ನು ಕಿತ್ತುಕೊಂಡು ಹೋಗಲಾಗುವುದಿಲ್ಲ. ಅದಕ್ಕೆ ಆ ಫೋನು ತನ್ನದೇ ಬೀಗ ಹಾಕಿರುತ್ತದೆ, ಕೀಲಿಕೈ ಆ ಫೋನಿನ ಹೊಟ್ಟೆಯಲ್ಲೇ ಇರುತ್ತದೆ.

ದೋಸೆ ತಿರುವಿ ಹಾಕುವಷ್ಟರಲ್ಲಿ ಸುಜಾತ ಬಂದಳು. ಪದ್ದಕ್ಕನ ತಂಗಿಯ ಮಗಳು, ಕಲ್ಯಾಣದುರ್ಗದವಳು. ಮೊದಲ ಬಸ್ಸಿಗೇ ಹೊರಟು ಬಂದಿದ್ದಳು. ಸೊಂಟಕ್ಕೆ ಆತುಕೊಂಡು ಆರು ವರ್ಷದ ಮಗಳು ಹಾಸಿನಿ, ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿತ್ತು.

"ಅಕ್ಕಾ, ಇವ್ರು ನಿನ್ನೆ ಫೋನ್ ಬದಲಾಯಿಸ್ಕೊಂಡು ಬಂದ್ಬುಟ್ರು. ಈ ಕಾರ್ಡ್ ಒಂದು ಹಾಕ್ಕೊಟ್ಬುಡು. ಸಾಯಂಕಾಲದ ರೈಲಿಗೆ ಬೆಂಗ್ಳೂರಿಗೆ ಹೋಯ್ತೀನಿ."

ಚೀಲದಿಂದ ಕುಂಕುಮದ ಭರಣಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಹತ್ತಿಯಲ್ಲಿ ಸುತ್ತಿದ ಮೆಮೊರಿ ಕಾರ್ಡು. ಅಂಚಿಗೆ ಒಂದು ಚೂರು ಕುಂಕುಮ ಮೆತ್ತಿತ್ತು.

ಆ ಕಾರ್ಡು ಹಾಕಿಕೊಟ್ಟವಳು ನಾನೇ, ದಸರೆಗೆ ಅವಳು ದೊಡ್ಡಮ್ಮನ ಮನೆಗೆ ಬಂದಾಗ. ಹಾಸಿನಿಗೆ ಆಗಾಗ ಏನೋ ಆಗುತ್ತಿತ್ತು. ಆಡುತ್ತಿದ್ದವಳು ಹಾಗೇ ನಿಂತುಬಿಡುತ್ತಿದ್ದಳು, ಕೆಲವೊಮ್ಮೆ ಕೈಕಾಲು ಸೆಟೆದುಕೊಳ್ಳುತ್ತಿದ್ದವು. ಡಾಕ್ಟರ ಮುಂದೆ ಒಂದು ಸಲವೂ ಬರಲಿಲ್ಲ. "ಬಂದಾಗಲೆಲ್ಲ ವಿಡಿಯೋ ಮಾಡಿಟ್ಟುಕೊಳ್ಳಮ್ಮ. ನೋಡದೆ ಯಾವ ಬಗೆಯದು ಅಂತ ಹೇಳೋಕಾಗಲ್ಲ, ತಪ್ಪು ಔಷಧಿ ಕೊಟ್ಟರೆ ಹೆಚ್ಚಾಗುತ್ತೆ" ಎಂದು ಅವರು ಹೇಳಿದ್ದರಂತೆ. ಮಗು ನೆಲದ ಮೇಲೆ ಬಿದ್ದಿರುವಾಗ ಎತ್ತಿಕೊಳ್ಳದೆ, ಫೋನು ಹಿಡಿದು ನಿಲ್ಲುವುದು ಯಾವ ತಾಯಿಗೆ ಸುಲಭ? ಅವಳು ನಿಂತಿದ್ದಳು. ಆದರೆ ವಿಡಿಯೋ ಅರ್ಧಕ್ಕೇ ನಿಂತುಹೋಗುತ್ತಿತ್ತು, ಜಾಗ ಸಾಲದೆ. ಅವಳ ಫೋನಿನ ಕ್ಯಾಮೆರಾ ಪೆಟ್ಟಿಗೆಗೆ ನೇರವಾಗಿ ತುಂಬುವಂಥದ್ದಲ್ಲ, ಅದಕ್ಕೇ ನಾನು ಅಟ್ಟ ಕಟ್ಟಿಕೊಟ್ಟಿದ್ದೆ. ಈ ಕಾರ್ಡನ್ನು ಈ ಫೋನಿನಿಂದ ತೆಗೆಯಬಾರದು ಎಂದೂ ಹೇಳಿದ್ದೆ.

"ಹಳೇ ಫೋನ್ ಎಲ್ಲಿ ಸುಜಾತ?"

"ಅಂಗ್ಡೀಲಿ. ಎಕ್ಸ್‌ಚೇಂಜಿಗೆ ಕೊಟ್ಟಾಯ್ತಲ್ಲ."

"ಕಾರ್ಡ್ ಯಾಕೆ ತೆಗೆದೆ?"

"ತೆಗೀದೆ ಯಾರಾದ್ರೂ ಕೊಡ್ತಾರಾ ಅಕ್ಕಾ? ಸಿಮ್ಮು, ಕಾರ್ಡು ತೆಗ್ದು ಮಡಿಕ್ಕೊಂಡೇ ಅಂಗ್ಡಿಗೆ ಕೊಡ್ಬೇಕು ಅಂತ ಈ ಬೀದಿ ಎಂಗಸ್ರೆಲ್ಲಾ ಏಳ್ತೀರಿ. ಅದ್ರಾಗೆ ನನ್ ಮಗಳೈತೆ."

ತಪ್ಪೇನು ಹೇಳಲಿ? ನಮ್ಮ ಹೆಂಗಸರು ತಮ್ಮ ಮಾನಕ್ಕೆಂದು ತಾವೇ ಕಂಡುಕೊಂಡ ಎಚ್ಚರಿಕೆ ಅದು. ಎಷ್ಟೋ ಸಲ ಅವರನ್ನು ಕಾಪಾಡಿದೆ. ಅವಳು ಮಾತಾಡುತ್ತಲೇ ಹೊಸ ಫೋನಿಗೆ ಕಾರ್ಡು ತಳ್ಳಿಬಿಟ್ಟಿದ್ದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಕೆಳಗೆ ನೀಲಿ ಬಣ್ಣದ ಗುಂಡಿ, ಫಾರ್ಮ್ಯಾಟ್. ಅವಳ ಹೆಬ್ಬೆರಳು ಅದರ ಮೇಲೆ ಬಾಗುತ್ತಿತ್ತು.

"ಮುಟ್ಟಬೇಡ!"

ನಾನು ಅಷ್ಟು ಗಟ್ಟಿಯಾಗಿ ಯಾರನ್ನೂ ಗದರಿದವಳಲ್ಲ. ಹಾಸಿನಿ ಬೆಚ್ಚಿ ಅಮ್ಮನ ಸೆರಗು ಹಿಡಿದಳು. ಪಕ್ಕದ ಮನೆಯ ಟಕ್ ಟಕ್ ನಿಂತಿತು. ನಾನು ಸುಜಾತಳ ಕೈಯಿಂದ ಫೋನು ತೆಗೆದುಕೊಂಡು, ಕಾರ್ಡನ್ನು ಹೊರಗೆಳೆದು, ಮತ್ತೆ ಹತ್ತಿಯಲ್ಲಿ ಸುತ್ತಿದೆ. ಆಮೇಲೆ ಹೇಳಿದೆ: ಫಾರ್ಮ್ಯಾಟ್ ಅಂದರೆ ಇರುವುದನ್ನೆಲ್ಲ ಒರೆಸಿ ಬರಿದು ಮಾಡುವುದು. ಈ ಕಾರ್ಡನ್ನು ತೆರೆಯುವ ಕೀಲಿಕೈ ಹಳೇ ಫೋನಿನೊಳಗಿದೆ. ಅಂಗಡಿಯವರು ಎಕ್ಸ್‌ಚೇಂಜಿಗೆ ಬಂದ ಫೋನನ್ನು ಇನ್ನೊಬ್ಬರಿಗೆ ಮಾರುವ ಮೊದಲು ರೀಸೆಟ್ ಮಾಡುತ್ತಾರೆ. ರೀಸೆಟ್ ಆದರೆ ಕೀಲಿಕೈಯೂ ಅಳಿಸಿಹೋಗುತ್ತದೆ. ಆಮೇಲೆ ಯಾರಿಂದಲೂ ಆಗುವುದಿಲ್ಲ.

ಅವಳು ಅಳಲಿಲ್ಲ. ನೆಲದ ಮೇಲೆ ಕೂತು ಭರಣಿಯ ಮುಚ್ಚಳ ಹಾಕುವುದು, ತೆಗೆಯುವುದು ಮಾಡಿದಳು.

"ಬೇರೆ ಯಾರಿಗಾದ್ರೂ ಕಳಿಸಿದ್ದೀಯಾ? ತಮ್ಮನಿಗೆ, ಅತ್ತೆಮನೆಯವರಿಗೆ?"

"ಯಾರ್ಗೂ ಇಲ್ಲ. ನೋಡಿದೋರು ಸುಮ್ನೆ ಇರ್ತಾರಾ ಅಕ್ಕಾ? ದೆವ್ವ ಅಂತಾರೆ, ನಾಳೆ ಮದ್ವೆ ವಯಸ್ಸಿಗೂ ಅದನ್ನೇ ಆಡ್ತಾರೆ. ದೊಡ್ಡಮ್ಮಂಗೂ ತಲೆನೋವಿಗೆ ತೋರ್ಸೋಕೆ ಅಂತ್ಲೇ ಏಳಿವ್ನಿ." ದನಿ ತಗ್ಗಿಸಿದಳು. "ನಿಮ್ ವಂಶದಾಗೆ ಯಾರ್ಗಾದ್ರೂ ಇತ್ತಾ ಅಂತ ಡಾಕ್ಟ್ರು ಕೇಳಿದ್ರು. ಇವ್ರ ಕಡೇನೂ ಇಲ್ಲ, ನಮ್ಮವ್ವನ್ನ ಕೇಳಿದ್ರೆ ನಮ್ಮ ಕಡೇನೂ ಇಲ್ಲ ಅಂತು. ಹಂಗಿದ್ರೆ ವಿಡಿಯೋನೇ ಆಧಾರ ಅಂದ್ರು. ಬೆಂಗ್ಳೂರಿನ ಈ ದೊಡ್ಡಾಸ್ಪತ್ರೆ ತಾರೀಕು ಸಿಗೋಕೇ ಇಷ್ಟು ತಿಂಗ್ಳು ಕಾದ್ವಿ."

ಅವಳ ಗಂಡ ರಾಮಾಂಜಿ ಕಲ್ಯಾಣದುರ್ಗದಲ್ಲಿ ಸರ್ವಿಸ್ ಜೀಪು ಓಡಿಸುತ್ತಾನೆ. ಫೋನು ಮಾಡಿದೆವು, ಎತ್ತಲಿಲ್ಲ. ಮತ್ತೆ ಮಾಡಿದೆವು. ಜೀಪು ಓಡಿಸುವಾಗ ಫೋನು ಮುಟ್ಟುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ್ದನಂತೆ. ಬೇರೆ ದಿನವಾಗಿದ್ದರೆ ಮೆಚ್ಚುತ್ತಿದ್ದೆ. ಒಲೆಯ ಮೇಲಿನ ದೋಸೆ ಕರಿದಾಗಿ ಹೊಗೆಯಾಡುತ್ತಿತ್ತು, ಆರಿಸಲೂ ತೋಚಿರಲಿಲ್ಲ.

ಕೊನೆಗೆ ಅವನೇ ತಿರುಗಿ ಮಾಡಿದ. ಸುಜಾತ ಒಂದೇ ಉಸಿರಿಗೆ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ.

"ಫೋನ್ ಕೊಟ್ಟಾಯ್ತು, ಕಾರ್ಡು ನಿನ್ತಾವೇ ಐತಲ್ಲೇ?"

ನಾನು ಫೋನು ತೆಗೆದುಕೊಂಡೆ. "ರಾಮಾಂಜಿ, ಬೀಗ ಇಲ್ಲಿದೆ, ಕೀಲಿಕೈ ಅಂಗಡೀಲಿದೆ. ಅವರು ಅದನ್ನ ಕರಗಿಸೋ ಮುಂಚೆ ಹೋಗಿ ಹಿಡ್ಕೊಳ್ಳಪ್ಪ."

"ಜೀಪ್ ತುಂಬ ಜನ ಅವ್ರಕ್ಕಾ," ಎಂದ. ಮರುಗಳಿಗೆಗೇ "ಇರ್ಲಿ, ಎಲ್ರನ್ನೂ ಹಾಕ್ಕೊಂಡೇ ಹೋಯ್ತೀನಿ" ಎಂದು ಫೋನು ಇಡದೆ ಹಾಗೇ ಪಕ್ಕದವರ ಕೈಗೆ ಕೊಟ್ಟ. ಜೀಪಿನ ಹಾರನ್ನು, ಯಾರೋ ಮುದುಕಿ "ಏಮಪ್ಪಾ, ಎಕ್ಕಡಿಕಿ ಪೋತುನ್ನಾವ್?" ಎಂದು ದಾರಿ ಬದಲಿಸಿದ್ದಕ್ಕೆ ತೆಲುಗಿನಲ್ಲಿ ಬೈಯುವುದು, ಎಲ್ಲವೂ ನಮ್ಮ ಅಡಿಗೆಮನೆಯೊಳಗೆ ಕೇಳುತ್ತಿತ್ತು. ಆಮೇಲೆ ಜೀಪು ನಿಂತ ಸದ್ದು, ಚಪ್ಪಲಿ ಸದ್ದು, ಅಂಗಡಿಯವನ ದನಿ.

"ಅದಾ ಅನ್ನಾ? ರೀಸೆಟ್ ಚೇದ್ದಾಮಂಟೇ ಚಾರ್ಜೇ ಎಕ್ಕಲೇದು. ಪಕ್ಕನ ಪೆಟ್ಟಾನು."

ಚಾರ್ಜೇ ಏರಲಿಲ್ಲವಂತೆ, ರೀಸೆಟ್ ಮಾಡಲಾಗದೆ ಪಕ್ಕಕ್ಕೆ ಇಟ್ಟಿದ್ದನಂತೆ. ಯಾವ ಚಾರ್ಜಿಂಗ್ ಪಿನ್ ಹಾಳಾಯಿತೆಂದು ರಾಮಾಂಜಿ ಫೋನು ಬದಲಾಯಿಸಿದ್ದನೋ, ಅದೇ ಪಿನ್ ಆ ಫೋನನ್ನು ಕಾದಿತ್ತು. ಸುಜಾತ ಹಣೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದಳು.

ಆದರೆ ಕೀಲಿಕೈ ಕಲ್ಯಾಣದುರ್ಗದಲ್ಲಿ, ಬೀಗ ಹಿಂದೂಪುರದಲ್ಲಿ. ನಮ್ಮ ಕಡೆ ಔಷಧಿ, ಕನ್ನಡಕ, ಮರೆತ ಊಟದ ಡಬ್ಬಿ ಎಲ್ಲವೂ ಬಸ್ ಡ್ರೈವರ ಕೈಯಲ್ಲೇ ಊರಿಂದೂರಿಗೆ ಹೋಗುತ್ತವೆ. ಫೋನೂ ಹಾಗೇ ಹೊರಟಿತು. ಮಧ್ಯಾಹ್ನ ನಾವು ಬಸ್ ಸ್ಟ್ಯಾಂಡಿನಲ್ಲಿ ಕಾದೆವು. ಬರಬೇಕಾದ ಹೊತ್ತಿಗೆ ಬಸ್ಸು ಬರಲಿಲ್ಲ. ಪೆನುಕೊಂಡದ ಹತ್ತಿರ ಟೈರು ಪಂಚರಾಗಿದೆ ಎಂದು ಒಬ್ಬರು, ಆ ಬಸ್ಸು ಇವತ್ತಿಲ್ಲವೇ ಇಲ್ಲ ಎಂದು ಇನ್ನೊಬ್ಬರು.

ಅಷ್ಟರಲ್ಲಿ ಸುಜಾತ ನನ್ನ ಮೊಣಕೈ ಹಿಡಿದಳು. ಹಾಸಿನಿ ನಿಂತಲ್ಲೇ ನಿಂತಿದ್ದಳು, ಕಣ್ಣು ರೆಪ್ಪೆ ಬಡಿಯದೆ ಒಂದು ಕಡೆ. ಸುಜಾತ ಮೆಲ್ಲಗೆ ಕರೆದಳು, "ಪಾಪಾ." ಉತ್ತರವಿಲ್ಲ. "ಪಾಪಾ!"

"ಅಮ್ಮಾ, ಆ ಮಂಗ ಬಾಳೆಹಣ್ಣು ಸಿಪ್ಪೆ ಸಮೇತ ತಿಂತೈತೆ," ಎಂದಳು ಹುಡುಗಿ, ತಗಡಿನ ಮಾಡಿನ ಮೇಲಿಂದ ಕಣ್ಣು ತೆಗೆಯದೆ.

ನಾವಿಬ್ಬರೂ ನಕ್ಕೆವು, ಆದರೆ ಸುಜಾತಳ ಕೈ ನನ್ನ ಮೊಣಕೈ ಬಿಡಲಿಲ್ಲ. ಅವಳು ದಿನವೂ ಹೀಗೇ ಬದುಕುತ್ತಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು.

ಬಸ್ಸು ಬಂತು. ಡ್ರೈವರು ದೇವರ ಪಟದ ಪಕ್ಕದಿಂದ ಬಿಸ್ಕತ್ತಿನ ಕವರು ತೆಗೆದು ಕೊಟ್ಟ. "ಏನಮ್ಮಾ ಇದು, ಚಿನ್ನಾನಾ? ನಿಮ್ಮ ಯಜಮಾನ್ರು ನನ್ ಕೈಲಿ ಮೂರು ಸಲ ಆಣೆ ಹಾಕಿಸ್ಕೊಂಡ್ರು."

ಮನೆಗೆ ಬಂದು ಚಾರ್ಜರಿಗೆ ಹಾಕಿದರೆ ಫೋನು ಉಸಿರೆತ್ತಲಿಲ್ಲ. ಪಿನ್ನನ್ನು ಮೇಲಕ್ಕೆ ಒತ್ತಿದೆ, ಕೆಳಕ್ಕೆ ಒತ್ತಿದೆ. ಎಡಕ್ಕೆ ವಾಲಿಸಿ ಅದುಮಿದಾಗ ಬ್ಯಾಟರಿಯ ಗುರುತು ಮೂಡಿತು, ಕೈ ಸಡಿಲಿಸಿದರೆ ಹೋಯಿತು. ರಬ್ಬರ್ ಬ್ಯಾಂಡು ಕಟ್ಟಿದೆ, ಸಾಲಲಿಲ್ಲ. ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ಬೆಳಗಿನಿಂದ ನಮ್ಮ ಓಡಾಟ ನೋಡುತ್ತಿದ್ದ ಪದ್ದಕ್ಕ ಹುಣಸೆ ಜಜ್ಜುವ ಕಲ್ಲನ್ನೇ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ಅದೇನ್ ಗುಟ್ಟೋ ನಂಗೊತ್ತಿಲ್ಲ ಕಣಮ್ಮ ವಸಂತಾ. ಒತ್ತಿ ಹಿಡೀಬೇಕು ತಾನೇ? ಇದನ್ನ ಮಡಗು."

ಅಂಟಂಟಾದ ಆ ಕಲ್ಲು ವೈರಿನ ಮೇಲೆ ಕೂತಿತು. ಬ್ಯಾಟರಿಯ ಗುರುತು ನಿಂತಿತು. ಫೋನು ಎದ್ದ ಮೇಲೆ ಕಾರ್ಡಿನ ಅಂಚಿನ ಕುಂಕುಮವನ್ನು ಒಣ ಬಟ್ಟೆಯಲ್ಲಿ ಒರೆಸಿ ಒಳಗೆ ತಳ್ಳಿದೆ. ಪರದೆಯ ಮೇಲೆ ಬಿಳಿ ಚಕ್ರ ಸುತ್ತತೊಡಗಿತು. ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ನನ್ನ ಬೆರಳಿಗೆ ಹುಣಸೆಯ ವಾಸನೆ ಹತ್ತಿತ್ತು.

ಚಿಕ್ಕ ಚಿಕ್ಕ ಚಿತ್ರಗಳು ಒಂದೊಂದಾಗಿ ಮೂಡಿದವು. ಖಾಲಿ ಚಿತ್ರಗಳೋ ನಿಜವಾಗಿ ಓಡುತ್ತವೋ ನೋಡಲು ಒಂದನ್ನು ಮುಟ್ಟಿದೆ. ಕಲ್ಯಾಣದುರ್ಗದ ಮನೆಯ ಕೆಂಪು ನೆಲ, ಮಗುವಿನ ಮುಖ, ಅಲುಗುತ್ತಿರುವ ಚಿತ್ರದ ಹಿಂದೆ ಸುಜಾತಳ ದನಿ: "ಇಲ್ಲೇ ಇವ್ನಿ ಪಾಪಾ, ಅಮ್ಮ ಇಲ್ಲೇ ಇವ್ನಿ." ತಕ್ಷಣ ನಿಲ್ಲಿಸಿದೆ. ತಿರುಗಿ ನೋಡಿದರೆ ಪದ್ದಕ್ಕ ನನ್ನ ಭುಜದ ಹಿಂದೆಯೇ ನಿಂತಿದ್ದಳು.

ವಿಡಿಯೋಗಳನ್ನೆಲ್ಲ ಹೊಸ ಫೋನಿಗೆ ಕಳಿಸಿದೆ. ಸುಜಾತ ಒಪ್ಪಿದ ಮೇಲೆ ನನ್ನ ಫೋನಿಗೂ ಒಂದು ಪ್ರತಿ ತೆಗೆದುಕೊಂಡೆ, ಆಸ್ಪತ್ರೆಯಿಂದ ಬಂದ ದಿನ ಅವಳ ಎದುರಿಗೇ ಅಳಿಸುತ್ತೇನೆಂಬ ಮಾತಿನ ಮೇಲೆ. ಹಳೇ ಫೋನು, ಕಾರ್ಡು ಎರಡನ್ನೂ ಬೇರೆ ಮಾಡದೆ ಅದೇ ಬಿಸ್ಕತ್ತಿನ ಕವರಿನಲ್ಲಿಟ್ಟು ಅವಳ ಚೀಲಕ್ಕೆ ಹಾಕಿದೆ. ಹಾಸಿನಿಯ ಬಿಚ್ಚಿದ ರಿಬ್ಬನ್ ಕಟ್ಟಿದೆ. ರೈಲು ಹೊರಟಾಗ ಆ ಹುಡುಗಿ ಕಿಟಕಿಯಿಂದ ಸ್ಟೇಷನ್ನಿನ ಮಂಗಗಳಿಗೆ ಕೈ ಬೀಸುತ್ತಿದ್ದಳೋ ನನಗೋ, ತಿಳಿಯಲಿಲ್ಲ.

ಅಂದಿನಿಂದ ಯಾರ ಫೋನು ಮುಟ್ಟುವ ಮೊದಲೂ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಸ್ಟೋರೇಜ್ ಎಷ್ಟಿದೆ ಎಂದಲ್ಲ. ಇದರಲ್ಲಿ ಕಳೆದುಹೋಗಬಾರದ್ದು ಏನಿದೆ, ಮತ್ತು ಅದು ಇನ್ನೆಲ್ಲಿದೆ? ಒಂದೇ ಕಡೆ ಇರುವುದನ್ನು ಇದೆ ಎಂದು ನಂಬಿ ಕೂರಬಾರದು ಎಂಬುದು ಈ ಕೆಲಸ ನನಗೆ ಕಲಿಸಿದ್ದು. ಅದರ ಇನ್ನರ್ಧವನ್ನು ಕಲಿತದ್ದೂ ಆ ಸಂಜೆಯೇ.

ಸ್ಟೇಷನ್ನಿನಿಂದ ಬಂದು, ತೊಳೆದ ಕಲ್ಲನ್ನು ಹಿಂದಿರುಗಿಸಲು ಪದ್ದಕ್ಕನ ಜಗಲಿಗೆ ಹೋದೆ. ಅವಳು ಬೀಜಗಳನ್ನು ಮೊರದಲ್ಲಿ ಕೇರುತ್ತ, ತಲೆ ಎತ್ತದೆ ಅಂದಳು:

"ಆ ಕೂಸು ಕಣ್ಣು ಒಂದ್ಕಡೆ ಮಾಡಿ ತುಟಿ ಚಪ್ಪರಿಸ್ತಿತ್ತು ನೋಡು, ಥೇಟು ನಮ್ಮವ್ವನಂಗೇ ಕಣಮ್ಮ. ನಮ್ಮವ್ವಂಗೂ ಹಿಂಗೇ ಬತ್ತಿತ್ತು, ಈರುಳ್ಳಿ ಜಜ್ಜಿ ಮೂಸಿಸ್ತಿದ್ವಿ. ಸುಜಾತನವ್ವ ಆಗಿನ್ನೂ ತೊಟ್ಲಾಗಿದ್ಲು, ಅವ್ಳಿಗೇನ್ ಗೊತ್ತು? ನನ್ನ ಯಾರೂ ಕೇಳ್ಲಿಲ್ಲ."