ಹೊಸ ಕೋವಿಗೆ ಗುರಿ ಕಲಿಸುವ ವರ್ನಾ

ಬೆಳಗಿನ ಆರು ಗಂಟೆ. ಟ್ರೂಸ್ ಕ್ರೀಕ್ ಕಣಿವೆಯಲ್ಲಿ ಮಂಜು ಇನ್ನೂ ಹುಲ್ಲು ಬಿಟ್ಟು ಎದ್ದಿಲ್ಲ. ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆಯ ಹಿಂದೆ ವರ್ನಾ ಸ್ಟಿಡಮ್ ಬಟ್ಟೆಯ ಪುಟ್ಟ ತುಂಡೊಂದನ್ನು ಬಾಯಲ್ಲಿಟ್ಟು ನೆನೆಸುತ್ತ ಕೂತಿದ್ದಾರೆ. ಕೋವಿಯ ನಳಿಗೆಗೆ ಆಗಲೇ ಮದ್ದು ಸುರಿದಾಗಿದೆ. ಒದ್ದೆ ಬಟ್ಟೆಯಲ್ಲಿ ಸೀಸದ ಗುಂಡು ಸುತ್ತಿ, ಕೋಲಿನಿಂದ ತಳದವರೆಗೂ ದೂಡುತ್ತಾರೆ. ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಟ್ರಿಗರ್ ಎಳೆಯುತ್ತಾರೆ. ಚಕಮಕಿ ಕಲ್ಲು ಉಕ್ಕಿಗೆ ಬಡಿಯುತ್ತದೆ, ಬಟ್ಟಲು ಭಗ್ಗೆನ್ನುತ್ತದೆ, ನಳಿಗೆ ಢಮ್ಮೆನ್ನುತ್ತದೆ. ಬಿಳಿ ಹೊಗೆಯಲ್ಲಿ ವರ್ನಾ ಮಾಯ.

ಹೊಗೆಯೊಳಗಿಂದ ದನಿ ಬರುತ್ತದೆ: "ನಾಲ್ಕು ಬೆರಳು ಕೆಳಗೆ ಬಿತ್ತು. ಹಾಗೇ ಬೀಳ್ಬೇಕು."

ಹೊಸ ಕೋವಿ ಮೊದಮೊದಲು ಕೆಳಕ್ಕೇ ಹೊಡೆಯಬೇಕು. ನಳಿಗೆಯ ತುದಿಯಲ್ಲಿರುವ ಹಿತ್ತಾಳೆಯ ಗುರಿಮಣಿಯನ್ನು ಕೋವಿ ಮಾಡುವವರು ಬೇಕೆಂದೇ ಎತ್ತರ ಬಿಟ್ಟಿರುತ್ತಾರೆ. ಅದನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿದರೆ ಗುಂಡು ಒಂದಿಷ್ಟು ಮೇಲೇರುತ್ತದೆ. ಮೂರು ಸಲ ಹೊಡೆಯುವುದು, ಐವತ್ತು ಗಜ ನಡೆದು ಗುರಿಹಲಗೆ ನೋಡುವುದು, ಬಂದು ಉಜ್ಜುವುದು. ಒಂದು ಕೋವಿಗೆ ಮೂವತ್ತು ಗುಂಡು, ಹತ್ತು ಸಲದ ನಡಿಗೆ. "ಆತುರದಲ್ಲಿ ಜಾಸ್ತಿ ಉಜ್ಜಿದ್ರೆ ಮುಗೀತು. ತೆಗೆದಿದ್ದನ್ನ ವಾಪಸ್ ಅಂಟಿಸೋಕೆ ಅದೇನು ರೊಟ್ಟಿ ಹಿಟ್ಟಾ?"

ಈ ಹಳೇ ಮಾದರಿಯ ಕೋವಿ ಮಾಡುವವನು ವರ್ನಾರ ಮೈದುನ ಕೋಯ್. ವರ್ಷಕ್ಕೆ ಮೂರೇ ಮೂರು, ಒಂದೊಂದೂ ಗಿರಾಕಿಯ ತೋಳಿನ ಅಳತೆಗೆ. ಅವಕ್ಕೆ ಗುರಿ ಕೂರಿಸುತ್ತಿದ್ದವರು ವರ್ನಾರ ಗಂಡ ಲಾಯ್ಡ್. ಅವರ ಕಣ್ಣು ಮಂಜಾದಾಗ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ವರ್ನಾ, "ನೀನು ಹೇಳು, ನಾನು ಹೊಡೀತೀನಿ" ಎಂದು ಶುರುಮಾಡಿದರು. ಲಾಯ್ಡ್ ತೀರಿ ಹನ್ನೊಂದು ವರ್ಷವಾಗಿದೆ. ವರ್ನಾರಿಗೀಗ ಅರವತ್ತೆಂಟು. ಎಡಗಿವಿ ಮಂದ, ಬಟ್ಟಲಿನ ಕಿಡಿಗೆ ಸುಟ್ಟು ಬಲಹುಬ್ಬು ಅರ್ಧವೇ ಇದೆ. ಈ ಕೆಲಸಕ್ಕೊಂದು ಹೆಸರಿದೆಯೇ ಎಂದರೆ ನಗುತ್ತಾರೆ. "ಚರ್ಚಲ್ಲಿ ಕೇಳಿದ್ರೆ ನಿವೃತ್ತಿ ಅಂತೀನಿ. ಮದ್ದಿನ ವಾಸನೆಗೆ ಪಕ್ಕದಲ್ಲಿ ಯಾರೂ ಕೂರಲ್ಲ, ಅದು ಬೇರೆ ಮಾತು."

ಕೋವಿಯದು ಸುಲಭದ ಕೆಲಸ. ಕಷ್ಟ ಅದರ ಒಡೆಯರದು.

ಕಳೆದ ಬೇಸಿಗೆಯಲ್ಲಿ ನಿವೃತ್ತ ನ್ಯಾಯಾಧೀಶ ಥರ್ಮನ್ ಪೆನಿಕ್ಸ್ ತಮ್ಮ ಕೋವಿ ಒಯ್ದರು. ಮೂರು ವರ್ಷ ಕಾದಿದ್ದ ಕೋವಿ. ಆ ಮೂರು ವರ್ಷದಲ್ಲಿ ಅವರು ಹಳೇ ಕಾಲದ ಬೇಟೆಗಾರರ ಹಾಗೆ ಜಿಂಕೆ ಚರ್ಮದ ಜಾಲರಿ ಅಂಗಿ, ಪ್ರಾಣಿಯ ಬಾಲ ನೇತಾಡುವ ತುಪ್ಪಳದ ಟೋಪಿ, ಕೊಂಬಿನ ಮದ್ದುಬುರುಡೆ ಎಲ್ಲ ಹೊಂದಿಸಿಕೊಂಡಿದ್ದರು. ಹೊಡೆಯುವುದನ್ನು ಮಾತ್ರ ಕಲಿತಿರಲಿಲ್ಲ. ಎಂಟನೇ ದಿನಕ್ಕೆ ಅದೇ ವೇಷದಲ್ಲಿ ಕೋಯ್‌ನ ಅಂಗಳಕ್ಕೆ ಬಂದು ತೀರ್ಪು ಕೊಟ್ಟರು: "ನಳಿಗೆ ಸೊಟ್ಟ ಇದೆ. ವಾಪಸ್ ತಗೋ."

ನಾಲ್ಕು ತಿಂಗಳು ಅದರ ಮೇಪಲ್ ಮರದ ಹಿಡಿ ಕೆತ್ತಿದ್ದ ಕೋಯ್ ಕೆಂಡವಾದ. "ಕೊಡಿ ಇಲ್ಲಿ. ಟೊಮೆಟೊ ಬಳ್ಳಿಗೆ ಊರುಗೋಲು ಮಾಡ್ತೀನಿ. ನಾಳೆಯಿಂದ ಅಂಗಡೀನೇ ಮುಚ್ತೀನಿ. ಅತ್ತಿಗೆ, ಕೇಳಿಸ್ತಾ?"

"ಎಡಗಿವೀಲಿ ಹೇಳಿದ್ರೆ ಹೇಗೆ ಕೇಳಿಸ್ತದೆ?" ಎಂದ ವರ್ನಾ ಕೋವಿ ಕಿತ್ತುಕೊಂಡು ಹಲಗೆಗೆ ಐದು ಗುಂಡು ಹೊಡೆದರು. ಐದೂ ಒಂದು ಬಿಸ್ಕತ್ತಿನಗಲದಲ್ಲಿ ಕೂತವು.

ಜಡ್ಜ್ ಸಾಹೇಬರು ಸೋಲೊಪ್ಪಲಿಲ್ಲ. "ಅದಕ್ಕೆ ನಿಮ್ಮ ಕೈ ಅಭ್ಯಾಸ ಆಗಿದೆ, ವರ್ನಾ ಅವ್ರೇ."

"ಸರಿ, ಈಗ ನೀವು ಹೊಡೀರಿ. ನಾನೇ ತುಂಬಿ ಕೊಡ್ತೀನಿ" ಎಂದು ವರ್ನಾ ಬೆನ್ನು ತಿರುಗಿಸಿ ತುಂಬಿದ ಹಾಗೆ ಮಾಡಿದರು. ನಳಿಗೆಗೆ ಮದ್ದೂ ಇಲ್ಲ, ಗುಂಡೂ ಇಲ್ಲ. ಚಕಮಕಿ ಕಲ್ಲಿನ ಜಾಗದಲ್ಲಿ ಸಣ್ಣ ಮರದ ಚಕ್ಕೆ. ಜಡ್ಜ್ ಉಸಿರು ಬಿಗಿಹಿಡಿದು ಟ್ರಿಗರ್ ಎಳೆದರು. ಟಕ್ ಎಂದಿತು, ಅಷ್ಟೇ. ಆದರೆ ಅವರು ಎರಡೂ ಕಣ್ಣು ಮುಚ್ಚಿ, ಮುಖ ತಿರುಗಿಸಿ, ಅರ್ಧ ಅಡಿ ಹಾರಿದ್ದರು. ಟೋಪಿಯ ಬಾಲ ಮೂಗಿನ ಮೇಲೆ ಬಂದಿತ್ತು.

ವರ್ನಾ ಚಕ್ಕೆ ಬಿಚ್ಚಿ ಅವರ ಅಂಗೈಗಿಟ್ಟರು. "ಸಾಹೇಬ್ರೆ, ನೀವು ಈಗ ಹೆದರಿದ್ದು ಇದಕ್ಕೆ."

ಜಡ್ಜ್ ಟೋಪಿ ತೆಗೆದಿಟ್ಟು, "ಎಲ್ಲಿಂದ ಶುರು ಮಾಡೋಣ?" ಎಂದರು.

ಎರಡು ವಾರ ಬರೀ ಮರದ ಚಕ್ಕೆ. ಕಿಡಿ ಹಾರಿದ ಮೇಲೂ ಗುಂಡು ಹೊರಡಲು ಒಂದು ಕ್ಷಣ ಬೇಕು. ಆ ಕ್ಷಣ ಅಲುಗಾಡದೆ ನಿಲ್ಲುವುದೇ ಪಾಠ. ಆಮೇಲೆ ಮದ್ದು, ಬಟ್ಟೆ, ಗುಂಡು. "ಮದ್ದು ಮೊದಲು. ಬಾಯ್ಬಿಟ್ಟು ಹೇಳ್ಕೊಳ್ಳಿ. ಇಲ್ಲಿ ಯಾರೂ ನಗಲ್ಲ" ಎಂದು ವರ್ನಾ ದಿನಕ್ಕೆ ನಲವತ್ತು ಸಲ ಹೇಳಿದರು.

ಅಕ್ಟೋಬರಿನ ಗೋಮಾಂಸದ ಗುರಿ ಪಂದ್ಯಕ್ಕೆ ಸುತ್ತಲಿನ ಕಣಿವೆಗಳೆಲ್ಲ ಬಂದು ಸೇರಿದವು. ಇಲ್ಲಿ ಬಹುಮಾನವೆಂದರೆ ಕಡಿದ ಹೋರಿಯ ಪಾಲು. ಮೊದಲ ನಾಲ್ವರಿಗೆ ಮಾಂಸ, ಐದನೆಯವನಿಗೆ ಚರ್ಮ ಮತ್ತು ಕೊಬ್ಬು. ಜಡ್ಜ್ ಮೊದಲ ಸರದಿಗೆ ಗತ್ತಿನಿಂದ ನಿಂತು ಟ್ರಿಗರ್ ಎಳೆದರು. ಬಟ್ಟಲು ಭಗ್ಗೆಂದಿತು. ನಳಿಗೆ ಸುಮ್ಮನಿತ್ತು. ಮದ್ದು ಹಾಕದೆ ಗುಂಡೊಂದನ್ನೇ ಜಡಿದಿದ್ದರು.

ಒಂದು ಕಾಲದಲ್ಲಿ ಅವರ ತೀರ್ಪಿನಿಂದ ಮೂರು ಸಲ ಜೈಲು ಕಂಡಿದ್ದ ಎಸ್ಟಿಲ್ ಗುಂಪಿನ ಹಿಂದಿನಿಂದ ಕೂಗಿದ: "ಸಾಹೇಬ್ರೆ, ಇದಕ್ಕೆ ಎಷ್ಟು ದಿನ ಹಾಕ್ತೀರಿ?"

ಮೈದಾನವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜಡ್ಜ್ ಕೆಂಪಗಾಗಿ ವರ್ನಾರತ್ತ ನೋಡಿದರು. ವರ್ನಾ ಕುರ್ಚಿ ಬಿಟ್ಟು ಏಳಲಿಲ್ಲ. "ಹೇಳಿಕೊಟ್ಟಿದೀನಿ. ಮಾಡಿ." ಜಡ್ಜ್ ಬಟ್ಟಲಿನ ಪಕ್ಕದ ಕಿಂಡಿಯಿಂದ ನುಣ್ಣನೆಯ ಮದ್ದನ್ನು ಕಾಳುಕಾಳಾಗಿ ಒಳಗಿಳಿಸಿ, ಗುಂಡನ್ನು ಮತ್ತೊಮ್ಮೆ ತಳಕ್ಕೆ ಒತ್ತಿ, ನಳಿಗೆಯನ್ನು ಮಣ್ಣದಿಬ್ಬಕ್ಕೆ ತಿರುಗಿಸಿ ಹೊಡೆದರು. ಸಿಕ್ಕಿಬಿದ್ದ ಗುಂಡು ಪುಸಕ್ಕನೆ ಹೊರಬಿತ್ತು. ಆಮೇಲೆ ಎಸ್ಟಿಲ್ ಕಡೆ ತಿರುಗಿ, "ನನ್ನ ಅಪರಾಧ ಒಪ್ಕೊಂಡಿದೀನಪ್ಪ, ದಯೆ ಇರಲಿ" ಎಂದರು. ಚಪ್ಪಾಳೆ ಬಿತ್ತು. ಉಳಿದ ಸರದಿಗಳಲ್ಲಿ ಅವರು ಪ್ರತಿಸಲವೂ ಇಡೀ ಮೈದಾನಕ್ಕೆ ಕೇಳುವಂತೆ "ಮದ್ದು ಮೊದಲು" ಎಂದುಕೊಂಡೇ ತುಂಬಿದರು. ಎರಡನೆಯ ಸರದಿಯಿಂದ ಗುಂಪೂ ದನಿಗೂಡಿಸಿತು. ಜಡ್ಜ್ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಬಂದದ್ದು ಐದನೆಯ ಸ್ಥಾನ.

ಹಸಿ ಚರ್ಮವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ ಸಾಹೇಬರನ್ನು ಅವರ ಹೆಂಡತಿ ಇಮೋಜಿನ್ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಕೋಯ್ ಅಂಗಡಿ ಮುಚ್ಚಲಿಲ್ಲ. ಜಡ್ಜ್ ಇನ್ನೊಂದು ಕೋವಿಗೆ ಹೇಳಿಟ್ಟಿದ್ದಾರೆ.

ಇಷ್ಟು ಜನರ ಕೋವಿಗೆ ಗುರಿ ಕೂರಿಸಿದ ವರ್ನಾರ ಬಳಿ ಸ್ವಂತದ್ದೊಂದು ಇಲ್ಲ. ಕೇಳಿದರೆ ಮೈದುನನ ಅಂಗಡಿಯತ್ತ ಗಲ್ಲ ಎತ್ತಿ ತೋರಿಸುತ್ತಾರೆ. "ಹೇಳಿದೀನಿ. ಸಾಲಲ್ಲಿ ನಿಂತ್ಕೊ ಅತ್ತಿಗೆ ಅಂದ. ಹತ್ತೊಂಬತ್ತನೇ ನಂಬರ್ ಕೊಟ್ಟಿದಾನೆ. ಅಷ್ಟು ಹೊತ್ತಿಗೆ ನನಗೆ ಎಪ್ಪತ್ತನಾಲ್ಕು."

ಅರದ ಮೇಲಿನ ಹಿತ್ತಾಳೆಯ ಪುಡಿಯನ್ನು ಲಂಗಕ್ಕೆ ಒರೆಸಿಕೊಂಡು ಮತ್ತೊಂದು ಬಟ್ಟೆಯ ತುಂಡು ಬಾಯಿಗಿಡುತ್ತಾರೆ. ಆಮೇಲೆ ಏನೋ ನೆನಪಾದಂತೆ ಅದನ್ನು ತೆಗೆದು ಹೇಳುತ್ತಾರೆ:

"ಸಿಕ್ಕಾಗ ಸಿಗಲಿ ಬಿಡಿ, ಅವಸರ ಏನಿಲ್ಲ. ಒಂದೇ ಆಸೆ, ಅದಕ್ಕೆ ಅವನು ಗುರಿಮಣಿ ಎತ್ತರ ಬಿಟ್ಟು ಕೊಡ್ಲಿ. ಉಜ್ಜೋಕೆ ಬೇರೆ ಯಾರನ್ನೂ ನಾನು ನಂಬಲ್ಲ."