ಅಕ್ಕನ ಕೈ, ನನ್ನ ಕೋಲುಜೇನು

ಮಾರ್ಚ್ ಮುಗಿಯುವ ಮೊದಲೇ ರಾಯಚೂರಿನ ಬಿಸಿಲು ತಲೆಗೆ ಹತ್ತುತ್ತದೆ. ಆ ವರ್ಷ ನನ್ನ ತಲೆಗೆ ಬಿಸಿಲಿನ ಜೊತೆ ಇನ್ನೊಂದು ಹುಚ್ಚೂ ಹತ್ತಿತ್ತು: ಹಿತ್ತಲಿನ ದಾಳಿಂಬೆ ಟೊಂಗೆಗೆ ಕಟ್ಟಿದ್ದ ಅಂಗೈ ಅಗಲದ ಕೋಲುಜೇನು ಈ ಬೇಸಿಗೆ ದಾಟಬೇಕು. ನಮ್ಮ ಓಣಿಯಲ್ಲಿ ಜೇನು ಕಂಡು ವರ್ಷಗಳೇ ಆಗಿದ್ದವು. ನಾವು ಚಿಕ್ಕವರಿದ್ದಾಗ ಊರಿನ ಸೂರ್ಯಕಾಂತಿ ಹೊಲದಲ್ಲಿ ಅವುಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಈಗ ಹೊಲಕ್ಕೆಲ್ಲ ಔಷಧ, ಪೇಟೆಯ ಅಂಗಳಕ್ಕೆಲ್ಲ ಬಂಡೆ. ಪಾಪದ ಹುಳ ಎಲ್ಲಿಗೆ ಹೋಗಬೇಕು? ದಿನವಿಡೀ ಮಿಷನ್ ಮುಂದೆ ಕೂತು ಊರವರ ಕುಪ್ಪಸ ಹೊಲಿಯುವ ನನಗೆ ಅವು ಬಂದದ್ದು ತವರಿನವರು ಬಂದಂತಾಯಿತು.

ಬಂದವರಿಗೆ ಉಪಚಾರ ಬೇಡವೇ? ಬೆಂಡೆ ಹಾಕಿದೆ, ಕುಂಬಳದ ಬಳ್ಳಿ ಹಬ್ಬಿಸಿದೆ. ಕೊತ್ತಂಬರಿ, ಕಾಮಕಸ್ತೂರಿ ಹೂ ಬಿಟ್ಟರೂ ಕೀಳಲಿಲ್ಲ. ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಹುಳ ಮುಳುಗದಿರಲಿ ಎಂದು ಸಣ್ಣ ಕಲ್ಲು ಹಾಕಿದೆ. ಎಲೆಗೆ ಹೇನು ಬಿದ್ದರೆ ಒಂದೊಂದನ್ನೂ ಬಟ್ಟೆಯಿಂದ ಒರೆಸಿದೆ, ಔಷಧ ಮಾತ್ರ ಮುಟ್ಟಲಿಲ್ಲ. ಓಣಿಯವರು ನಕ್ಕರು. ನಗಲಿ, ಅವರ ಗಂಟೇನು ಹೋಗುತ್ತದೆ!

ಅಷ್ಟರಲ್ಲಿ ದೇವದುರ್ಗ ಕಡೆಯ ನಮ್ಮೂರು ಮಸರಕಲ್‌ನಿಂದ ಅಕ್ಕ ಬಂದಳು, ಕಣ್ಣು ತೋರಿಸಿಕೊಳ್ಳಲು. ಅವಳು ಬಹಳ ವರ್ಷ ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದಲೇ ಹೂವಿಗೆ ಹೂ ಕೂಡಿಸುವ ಕೆಲಸ, ಮಾಡಿದವಳು. ಸಂಜೆ ಹೆಣ್ಣು ಸಾಲಿನ ಮೊಗ್ಗು ಹುಡುಕಿ, ಉಗುರಿನಿಂದ ಒಳಗಿನ ಪರಾಗದ ಪುಡಿ ಬಿಡಿಸಿ, ಕಾಗದ ಮುಚ್ಚುವುದು. ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಅದಕ್ಕೆ ತಿಕ್ಕುವುದು. ಕಣ್ತಪ್ಪಿ ತಾನಾಗಿ ಅರಳಿದ ಹೂವನ್ನು ಹರಿದು ಎಸೆಯುವುದು, ಇಲ್ಲವಾದರೆ ಬೀಜ ಕಲಬೆರಕೆಯಾಯಿತು ಎಂದು ಹೊಲದವರಿಂದ ಬೈಗುಳ. ಅಲ್ಲಿ ಜೇನು ಬಂದರೆ ಕಳ್ಳ ಬಂದ ಲೆಕ್ಕ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಮಾನ್ವಿಯಲ್ಲಿ ಮಗಳ ಕೂಸನ್ನು ತೊಟ್ಟಿಲಿಗೆ ಹಾಕಲು ನಾಲ್ಕು ದಿನ ಹೊರಟವಳು, “ಅಕ್ಕಾ, ಗಿಡಾ ಚಂದಂಗ ನೋಡ್ಕೊ ಬೇ” ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಹೂ ಮುಟ್ಟಬೇಡ ಎಂದು ಬಿಡಿಸಿ ಹೇಳಲು ನನಗೇನು ಧಾಡಿಯಾಗಿತ್ತೋ! ಬೇರೆ ಹೊತ್ತಿನಲ್ಲಿ ಅರಳು ಹುರಿದಂತೆ ಮಾತಾಡುವ ಬಾಯಿ ಇದು.

ತಿರುಗಿ ಬರುವಾಗ ದಾರಿಯುದ್ದಕ್ಕೂ ಭತ್ತದ ಗದ್ದೆಗಳಿಗೆ ಔಷಧ ಹೊಡೆಯುತ್ತಿದ್ದರು. ಬಸ್ಸಿನ ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬಂತು. ನನ್ನ ಮನೆಯ ಹುಳಗಳಾದರೂ ಸುಖವಾಗಿವೆಯಲ್ಲ ಎಂದುಕೊಂಡೆ.

ಹಿತ್ತಲಿಗೆ ಹೋಗಿ ನೋಡಿದರೆ, ಬೆಂಡೆಯಲ್ಲಿ ಅರಳಿದ ಒಂದೂ ಹೂವಿಲ್ಲ. ಮೊಗ್ಗುಗಳಿಗೆಲ್ಲ ನನ್ನ ಹೊಲಿಗೆಯ ಕೆಂಪು, ಹಸಿರು ಬಟ್ಟೆಚೂರುಗಳ ಮುಸುಕು, ಮೇಲೆ ದಾರ. ಪೂಜೆಗೆಂದು ಕಿತ್ತ ಕುಂಬಳದ ಗಂಡು ಹೂಗಳೆಲ್ಲ ಒಳಗೆ ದೇವರ ಜಗುಲಿಯ ಮೇಲೆ ಬಾಡಿ ಬಿದ್ದಿದ್ದವು. ಕೊತ್ತಂಬರಿ, ಕಾಮಕಸ್ತೂರಿಗೆ ಒಂದು ಹಳೇ ಸೀರೆ ಹೊದಿಸಿತ್ತು. ಎತ್ತಿ ನೋಡಿದೆ. ಹೂವೆಲ್ಲ ಸೆಕೆಗೆ ಕಂದಿ ಹೋಗಿತ್ತು.

“ಏನ್ ಮಾಡೀದಿ ಅಕ್ಕಾ ಇದು!”

“ಕೊತ್ತಂಬ್ರಿ ಮುಪ್ಪಾದ್ರೂ ಕಿತ್ತಿಲ್ಲ, ಬೀಜಕ್ಕ ಬಿಟ್ಟಾಳ ಅಂದ್ಕೊಂಡೆ,” ಎಂದಳು, ಹೊಗಳಿಸಿಕೊಳ್ಳಲು ನಿಂತವಳ ಹಾಗೆ. “ಬೆಂಡಿ ಹೂವರ ಥೇಟ್ ಹತ್ತಿ ಹೂವ. ಕೈ ಸುಮ್ನ ಇರಬೇಕಲ್ಲ? ಆ ಹುಳಾ ಬ್ಯಾರೆ ಒಂದ್ ಸವನ ಮುತ್ತಾಕತ್ತಿದ್ವು. ಒಂದನ್ನೂ ಹೂವಿನ ಹತ್ರ ಬಿಟ್ಟಿಲ್ಲ ತಗೋ.”

“ಯಕ್ಕಾ, ಆ ಹುಳಕ್ಕಂತನ ಹೂ ಹಾಕಿದ್ನಲ್ಲಬೇ!”

ಅವಳು ನನ್ನ ಮುಖವನ್ನೇ ನೋಡಿದಳು. “ಹುಳಕ್ಕ? ಮೊದ್ಲ ಹೇಳಬಾರದೇನ ಯವ್ವಾ...” ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಬಾಯಿತುಂಬ ಬೈಯಬೇಕೆಂದಿದ್ದೆ. ಯಾರನ್ನು ಬೈಯಲಿ? ತಪ್ಪು ನನ್ನದೇ.

ಜೇನುಹುಟ್ಟಿನ ಮೇಲೆ ಹುಳ ವಿರಳವಾಗಿದ್ದವು, ನಡುನಡುವೆ ಮೇಣ ಕಾಣುತ್ತಿತ್ತು. ಸಕ್ಕರೆ ನೀರಿಟ್ಟೆ, ಇರುವೆ ಮುತ್ತಿದವು. ಮಾರುಕಟ್ಟೆಯಿಂದ ಚೆಂಡು ಹೂ ತಂದು ಗಿಡಕ್ಕೆ ಕಟ್ಟಿದೆ, ಒಂದು ಹುಳವೂ ಅದನ್ನು ಮೂಸಲಿಲ್ಲ. ಅಕ್ಕ ಮುಸುಕುಗಳನ್ನೆಲ್ಲ ಬಿಚ್ಚಿದಳು. ಪುಡಿ ಬಿಡಿಸಿದ ಮೊಗ್ಗಿನಲ್ಲಿ ಏನಿರುತ್ತದೆ? ಹೊಸ ಮೊಗ್ಗು ಅಕ್ಕಿಕಾಳಿನಷ್ಟಿದ್ದವು. ಅರಳು ಎಂದರೆ ಅರಳುತ್ತವೆಯೇ? ನಾವಿಬ್ಬರೂ ದಾಳಿಂಬೆಯ ಕೆಳಗೆ ಕೂತು ನೋಡಿದ್ದೇ ಬಂತು. ಇಷ್ಟು ಕೈಲಾಗದವಳು ನಾನೆಂದು ನನಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಎಲ್ಲ ಹುಳಗಳೂ ಒಮ್ಮೆಲೇ ಎದ್ದವು. ಗಿಡವನ್ನು ಎರಡು ಸುತ್ತು ಹಾಕಿ, ಪಕ್ಕದ ಮನೆಯ ನೀರಿನ ಟ್ಯಾಂಕು ದಾಟಿ ಹೋದವು. “ಹೋಗಬ್ಯಾಡ್ರೆವ್ವಾ!” ಎಂದು ಅಕ್ಕ ಮನುಷ್ಯರನ್ನು ಕರೆದಂತೆ ಕರೆದಳು. ನಾನು ಹೊಸ್ತಿಲ ಮೇಲೆ ಕೂತು ಅತ್ತೆ. ಆ ಬಿಸಿಲಲ್ಲಿ ಅವು ಎಲ್ಲಿ ಹೂ ಕಂಡವೋ, ಕಂಡವೋ ಇಲ್ಲವೋ.

ವಾರ ಕಳೆದ ಮೇಲೆ ಕುಂಬಳ ಹೂ ಬಿಟ್ಟಿತು. ಮುಟ್ಟಲು ಹುಳವಿಲ್ಲ. ಅಕ್ಕ ದಿನಾ ಬೆಳಿಗ್ಗೆ ಎದ್ದು, ಮಂಜುಗಣ್ಣಿನಲ್ಲೇ ತಡವಿ ಗಂಡು ಹೂ ಹುಡುಕಿ, ಹೆಣ್ಣು ಹೂವಿಗೆ ಪುಡಿ ಹಚ್ಚಿದಳು. ಬೇಡವೆಂದರೂ ಕೇಳಲಿಲ್ಲ. ಹಚ್ಚಿದ್ದೆಲ್ಲ ಕಾಯಿ ಕಟ್ಟಿತು. ಊರಿಗೆ ಹೊರಡುವ ದಿನ ನನ್ನ ಕೈ ಹಿಡಿದು ಬಳ್ಳಿಯ ಹತ್ತಿರ ಕರೆದೊಯ್ದು ಒಂದೊಂದೇ ಕಾಯಿ ಮುಟ್ಟಿಸಿದಳು.

“ಒಂದರ ಉದುರೈತೇನ ನೋಡು. ನಿನ್ನ ಹುಳಕ್ಕಿಂತ ನಾನ ಪಾಡ. ಇನ್ ಅವು ಬರಲಿಲ್ಲಂದ್ರೂ ನಡೀತದ, ಅಳಬ್ಯಾಡ.”

ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಬಂದಿತ್ತು. ನನಗೆ ಕುಂಬಳಕಾಯಿ ಬೇಕಿರಲಿಲ್ಲ ಎಂದು ನಾನು ಹೇಳಲಿಲ್ಲ.